ಮೊದಲು ತೋಳು, ಆಮೇಲೆ ತರಕಾರಿ

ಬೆಳಗಿನ ಐದೂವರೆ. ಆಸ್ಪತ್ರೆಯ ಡಯಾಲಿಸಿಸ್ ಕೇಂದ್ರದ ಗೇಟಿನೆದುರು ತಳ್ಳುಗಾಡಿಯ ಮೇಲೆ ಎಲೆಕೋಸು ಜೋಡಿಸುತ್ತಿರುವ ಅಕ್ಕನ ಬಳಿ ದಿನದ ಮೊದಲ ಗಿರಾಕಿ ಬಂದು ಅರ್ಧ ಕೆಜಿ ಟೊಮೆಟೊ ಕೇಳುತ್ತಾನೆ.

"ತೋಳು ತೋರ್ಸಿ."

"ಇದೊಳ್ಳೆ ಕಥೆ! ಟೊಮೆಟೊ ಕೇಳಿದ್ರೆ ತೋಳು ಕೇಳ್ತೀರಲ್ಲ?"

"ಅಂಗಿ ತೋಳು ಮೇಲೆತ್ತಿ ಅಣ್ಣ, ಆಮೇಲೆ ಬೈಯಿರಂತೆ."

ಆತ ಗೊಣಗುತ್ತಲೇ ಅಂಗಿಯ ತೋಳು ಮಡಚುತ್ತಾನೆ. ಡಯಾಲಿಸಿಸ್ ಸೂಜಿಗೆಂದೇ ಸಿದ್ಧಪಡಿಸಿದ ರಕ್ತನಾಳ ಉಬ್ಬಿಕೊಂಡಿದೆ. ಮುಗಿಯಿತು, ಟೊಮೆಟೊ ಮರೆತುಬಿಡಬೇಕು. ಅವನ ಚೀಲಕ್ಕೆ ಬೀಳುವುದು ಹೂಕೋಸು.

ಗಿರಾಕಿಗೆ ಬೇಡ ಬೇಡ ಎನ್ನುತ್ತಲೇ ವ್ಯಾಪಾರ ಮಾಡುವವರನ್ನು ಎಲ್ಲಾದರೂ ಕಂಡಿದ್ದೀರಾ? ಇವರಿಗೆ ಬಿದ್ದಿರುವ ಹೆಸರೇ ಬೇಡಕ್ಕ. ಕೇಂದ್ರದೊಳಗೆ ಹತ್ತು ಹಾಸಿಗೆ, ದಿನಕ್ಕೆ ಮೂರು ಪಾಳಿ, ಮೂವತ್ತು ಜನ. ಸೋತ ಕಿಡ್ನಿಗೆ ತರಕಾರಿಯಲ್ಲಿರುವ ಪೊಟ್ಯಾಸಿಯಂ ಹೊರಹಾಕುವ ಶಕ್ತಿಯಿಲ್ಲ. ಅದು ಮಿತಿಮೀರಿದರೆ ಹೃದಯಕ್ಕೇ ಕುತ್ತು. ಆಲೂಗಡ್ಡೆ, ಟೊಮೆಟೊ, ಪಾಲಕ್‌ನಲ್ಲಿ ಅದು ಹೆಚ್ಚು. ಎಲೆಕೋಸು, ಹೂಕೋಸು, ಈರುಳ್ಳಿಯಲ್ಲಿ ಕಡಿಮೆ. ಇದನ್ನೆಲ್ಲ ಹೇಳಿಕೊಟ್ಟವರು ಇಲ್ಲೇ ತರಕಾರಿ ಕೊಳ್ಳುವ, ಕೇಂದ್ರದ ಡಯಟ್ ಮೇಡಂ.

"ಅವ್ರು ಬರ್ಕೊಟ್ಟ ಚೀಟೀಲಿ ಇಲ್ದಿದ್ದು ನಾನೇನೂ ಹೇಳಲ್ಲ. ನಾನೇನು ಡಾಕ್ಟ್ರಾ? ತಕ್ಕಡಿ ಹಿಡಿಯೋಳು" ಎನ್ನುತ್ತಾರೆ ಬೇಡಕ್ಕ.

ಹಾಗಾದರೆ ಆಲೂಗಡ್ಡೆ ಇಡುವುದಾದರೂ ಏಕೆ? ನರ್ಸುಗಳಿಗೆ, ರೋಗಿಗಳ ಜತೆ ಬಂದವರಿಗೆ ಬೇಕಲ್ಲ. ಎಡವಟ್ಟಾದದ್ದೂ ಅಲ್ಲೇ. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ತೊಟ್ಟ ಟೈಲರ್ ತಾತನೊಬ್ಬರು ಸೊಸೆಗೆಂದು ಹೇಳಿ ಎರಡು ಕೆಜಿ ಆಲೂಗಡ್ಡೆ ಕೊಂಡರು. ಮಾತು ಸೊಗಸಾಗಿತ್ತೆಂದು ಬೇಡಕ್ಕ ಮೇಲೆ ಎರಡು ಗಡ್ಡೆ ಕೊಸರು ಹಾಕಿದರು. ಮೂರನೆಯ ದಿನ ಇದೇ ಗಾಡಿಯ ಪಕ್ಕದಲ್ಲೇ ಅವರನ್ನು ಸ್ಟ್ರೆಚರ್ ಮೇಲೆ ಒಳಗೆ ಒಯ್ದರು. ಬಿಚ್ಚಿದ ಅಂಗಿಯಿಂದ ನಾಳ ಉಬ್ಬಿದ ತೋಳು ಕಂಡಿತು.

"ಕೊಸರು ಹಾಕಿದ್ದು ಇದೇ ಕೈ ಅಲ್ವಾ? ಪ್ರೀತಿಯಿಂದ ಹಾಕಿದ್ದೆ, ವಿಷ ಹಾಕ್ದಂಗಾಯ್ತು."

ತಾತ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಹನ್ನೊಂದು ದಿನವೂ ಬೇಡಕ್ಕ ಗೇಟಿಗೆ ಹೋಗಿ, ಹೊರಬಂದ ನರ್ಸುಗಳನ್ನೆಲ್ಲ ತಡೆದು ವಿಚಾರಿಸಿದರು. ತೋಳು ನೋಡದೆ ತಕ್ಕಡಿ ಎತ್ತುವುದಿಲ್ಲವೆಂಬ ಹಟ ಅಂದಿನದು. ದಿನಕ್ಕೆ ಏಳೆಂಟು ಮಂದಿ ಸಿಟ್ಟಾಗಿ ಹೋಗುತ್ತಾರೆ. ಹೋಗಲಿ ಬಿಡಿ, ಬದುಕಿದ್ದರೆ ತಾನೇ ಸಿಟ್ಟು ಎನ್ನುವುದು ಅವರ ಲೆಕ್ಕ.

ಈ ಮಾತಿನ ನಡುವೆಯೇ ಟೈಲರ್ ತಾತ ನಿಧಾನವಾಗಿ ನಡೆದು ಬರುತ್ತಾರೆ. ಬಲಗೈಗೆ ತುಂಬುತೋಳು, ಎಡತೋಳು ಮಾತ್ರ ಮೊಣಕೈಗಿಂತ ಮೇಲಕ್ಕೇ ಕತ್ತರಿಸಿ, ಅಚ್ಚುಕಟ್ಟಾಗಿ ಮಡಿಸಿ ಹೊಲಿದದ್ದು.

"ದಿನಾ ನೀನು ಕೇಳೋದು, ನಾನು ಮಡಚೋದು, ಯಾಕ್ ಬೇಕಮ್ಮ? ಆರು ಅಂಗಿಗೂ ಕತ್ತರಿ ಹಾಕ್ಬಿಟ್ಟೆ!"

ಬೇಡಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಕಣ್ಣು ಮಾತ್ರ ಒದ್ದೆ. ತಾತ ಡಯಟ್ ಮೇಡಂ ಬರೆದ ಚೀಟಿ ಚಾಚುತ್ತಾರೆ: ವಾರಕ್ಕೊಂದು ಸಣ್ಣ ಆಲೂಗಡ್ಡೆ, ಸಿಪ್ಪೆ ತೆಗೆದು, ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಬೇಕು. ಅಕ್ಕ ಎರಡು ಸಲ ಓದುತ್ತಾರೆ. ರಾಶಿಯೆಲ್ಲ ತಡಕಿ ಒಂದನ್ನು ಆರಿಸುತ್ತಾರೆ.

"ಅಯ್ಯೋ, ನಿಂಬೆಹಣ್ಣಿನಷ್ಟಿದೆಯಲ್ಲೇ! ಕೊಸರಾದ್ರೂ ಹಾಕು."

"ಮುಂದಿನ ವಾರ ಇನ್ನೊಂದು ಕೊಡ್ತೀನಲ್ಲ ತಾತ, ಅದೇ ಕೊಸರು. ನೀವು ಬರ್ಬೇಕು, ಅಷ್ಟೇ."