ಘಟಸರ್ಪದ ಹೊಟ್ಟೆಯಲ್ಲಿದ್ದವನು

ಗಂಡನನ್ನು ಕಟ್ಟಿಹಾಕಿದ ಹೆಂಡತಿಯರು ಲೋಕದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ದಿನಾ ಬೆಳಗ್ಗೆ ಎಂಟು ಗಂಟೆಗೆ ಗಂಡನನ್ನು ಘಟಸರ್ಪದ ಹೊಟ್ಟೆಯೊಳಗೆ ತುರುಕಿ, ಬಾಗಿಲಿಗೆ ಅಂಟು ಬಳಿದು, ಅದರ ಮೇಲೆ ಎಂಬತ್ತೊಂದು ಚಿಪ್ಪು ಮೆತ್ತಿ, ಕೈ ಒರೆಸಿಕೊಂಡು ಚಹಾ ಕುಡಿಯಲು ಹೋಗುತ್ತಿದ್ದವಳು ಚಿಪ್ಪಕ್ಕ ಒಬ್ಬಳೇ. ಅದಕ್ಕೆ ಅವಳಿಗೆ ಸಂಬಳ ಬೇರೆ ಬರುತ್ತಿತ್ತು.

ಒಳಗೆ ಹೋಗುತ್ತಿದ್ದ ಗಂಡ ಹೊಟ್ಟೆಯಣ್ಣ. ಹೆಸರು ಕೇಳಿ ಡೊಳ್ಳುಹೊಟ್ಟೆಯವನು ಅಂದುಕೊಳ್ಳಬೇಡಿ. ಅವನ ಸ್ವಂತ ಹೊಟ್ಟೆ ಬೆನ್ನಿಗೆ ಒರಗಿಕೊಂಡು ದಶಕಗಳೇ ಆಗಿದ್ದವು. ಮಾಯಾಲೋಕದ ಸಿನಿಮಾಗಳನ್ನೇ ತೆಗೆಯುತ್ತಿದ್ದ ಆ ಸ್ಟುಡಿಯೊದಲ್ಲಿ ಲಾರಿಯಷ್ಟು ಉದ್ದದ, ನಾಲ್ಕು ಕಾಲಿನ ರಬ್ಬರಿನ ಘಟಸರ್ಪವೊಂದಿತ್ತು. ತಲೆಯನ್ನು ಒಬ್ಬ ಹಗ್ಗ ಹಿಡಿದು ಆಡಿಸುತ್ತಿದ್ದ, ಬಾಲವನ್ನು ಇನ್ನೊಬ್ಬ. ಹೊಟ್ಟೆಯೊಳಗೆ ಮಂಡಿ ಮಡಚಿ ಕೂತು, ಚರ್ಮದ ತಿದಿ ಒತ್ತಿ, ಅದಕ್ಕೆ ಉಸಿರಾಡಿಸುವ ಕೆಲಸ ಹೊಟ್ಟೆಯಣ್ಣನದು. ಹೀಗೆ ಇಪ್ಪತ್ತೆರಡು ವರ್ಷ. ಪರದೆಯ ಮೇಲೆ ಅವನ ಹೆಸರು 'ಮತ್ತು ಇತರರು' ಎಂದು ಬರುತ್ತಿತ್ತು. ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ ಅಪ್ಪನ ಹೆಸರು ಕೇಳಿದಾಗ ಅದನ್ನೇ ಹೇಳಿದ್ದಳು.

ಬಾಗಿಲಿನ ಗೆರೆ ಕ್ಯಾಮೆರಾಗೆ ಕಾಣಬಾರದು, ಅದಕ್ಕೇ ಹಾವಿನ ಮೈಯ ಹಾಗೆ ಕಾಣುವ ಈ ರಬ್ಬರ್ ಚಿಪ್ಪಿನ ಏರ್ಪಾಡು. ಅಂಟು ಎಂಥದೆಂದರೆ, ಹಿಂದೊಬ್ಬ ನಿರ್ದೇಶಕರು ಹಸಿ ಚಿಪ್ಪಿಗೆ ಒರಗಿ ನಿಂತು, ಕೊನೆಗೆ ಪ್ಯಾಂಟನ್ನು ಅಲ್ಲೇ ಬಿಟ್ಟು ಮಾನ ಮಾತ್ರ ತೆಗೆದುಕೊಂಡು ಮನೆಗೆ ಹೋದರು. ಆ ಪ್ಯಾಂಟಿನ ಮೇಲೂ ಬಣ್ಣ ಬಳಿದರು. ಮೂರು ಸಿನಿಮಾಗಳಲ್ಲಿ ಅದು ಚೆನ್ನಾಗಿಯೇ ನಟಿಸಿತು. ಒಳಗಿನ ಸೆಕೆಯೋ, ಕೇಳಬೇಡಿ. ಒಂದು ಕೋಳಿ ಘಟಸರ್ಪದ ಕಾಲಿನ ಸಂದಿಯಲ್ಲಿ ಮೊಟ್ಟೆ ಇಟ್ಟು ಹೋಗಿತ್ತಂತೆ; ಊಟದ ಹೊತ್ತಿಗೆ ಮರಿಗಳು ಹೊರಬಂದು ಗಾಳಿ ಹಾಕಿಕೊಳ್ಳುತ್ತಾ ನಿಂತಿದ್ದವಂತೆ. ಚಿಪ್ಪು ಕೀಳಲು ಅರ್ಧ ದಿನ ಬೇಕು. ಆದ್ದರಿಂದ ಒಳಗೆ ಹೋದವನಿಗೆ ಸಂಜೆಯೇ ಬಿಡುಗಡೆ. ನೀರಿಗೂ ಮಾತಿಗೂ ಸೇರಿ ಹಿಂಗಾಲಿನ ಹತ್ತಿರ ಒಂದೇ ಒಂದು ಕೊಳವೆ.

"ಇನ್ನು ಸಾಕು ರೀ," ಎನ್ನುತ್ತಿದ್ದಳು ಚಿಪ್ಪಕ್ಕ. "ಬೆನ್ನು ಕುಡುಗೋಲಿನ ಹಾಗೆ ಬಾಗಿದೆ. ನನ್ನ ಪಕ್ಕ ಒಂದು ಸ್ಟೂಲ್ ಹಾಕಿಸ್ತೀನಿ, ಚಿಪ್ಪು ಕತ್ತರಿಸ್ಕೊಂಡು ಕೂತ್ಕೊಳ್ಳಿ."

"ಅಲ್ಲಿ ಕೂತ್ರೆ ನಾನು ಯಾರು?"

"ಇಲ್ಲಿ ಕೂತ್ರೆ ಯಾರು? ಹಾವಿನ ಕರುಳು!"

ಅವನ ಹತ್ತಿರ ಉತ್ತರವಿತ್ತು, ಹೇಳುವ ಧೈರ್ಯವಿರಲಿಲ್ಲ. ಘಟಸರ್ಪ ನಿದ್ದೆ ಮಾಡುವ ದೃಶ್ಯ ಬಂದರೆ ಚಿತ್ರಮಂದಿರದಲ್ಲಿ ಕಡಲೆಕಾಯಿ ತಿನ್ನುವ ಸದ್ದು ನಿಲ್ಲುತ್ತಿತ್ತು. ಮೂರು ದೀರ್ಘ ಉಸಿರು. ನಾಲ್ಕನೆಯದು ಬರಬೇಕಾದ ಕಡೆ ಏನೂ ಇಲ್ಲ. ಜನ ಹೆದರಿ ಕೂತಿರುವಾಗ, ಬಾವಿಯ ತಳದಿಂದ ಕೊಡ ಎಳೆದ ಹಾಗೆ, ಒಂದು ಉಸಿರು. ಇದನ್ನು ಎಲ್ಲಿ ಕಲಿತೆ ಎಂದು ಕೇಳಿದವರಿಗೆಲ್ಲ ಅವನು "ಹಾಗೇ ಬಂತು" ಎನ್ನುತ್ತಿದ್ದ. ನಿಜ ಏನೆಂದರೆ, ಅದು ಚಿಪ್ಪಕ್ಕನ ಗೊರಕೆ. ಒಂದೇ ಕೋಣೆಯ ಮನೆ, ಕಲಿಯದೆ ವಿಧಿಯಿರಲಿಲ್ಲ. ಮದುವೆಯಾದ ಹೊಸದರಲ್ಲಿ ಆ ನಾಲ್ಕನೆಯ ಉಸಿರು ಬಾರದೆ, ಇವಳು ಹೋಗಿಯೇಬಿಟ್ಟಳೆಂದು ಗಾಬರಿಯಾಗಿ ಅವಳ ಮೂಗಿನ ಹತ್ತಿರ ಕೈ ಹಿಡಿದು ನೋಡಿದ್ದ. ಆ ಗಾಬರಿಯನ್ನೇ ಅವನು ತಿದಿಗೆ ಇಳಿಸಿದ್ದು.

ಹೀಗಿರುವಾಗ ಹೊಸ ನಿರ್ದೇಶಕ ಒಂದು ಮೋಟರ್ ತಂದ.

"ಹೊಟ್ಟೆಯಣ್ಣ, ಬೇಜಾರು ಮಾಡ್ಕೋಬೇಡಿ," ಎಂದ. ಬೇಜಾರಿನ ಸುದ್ದಿಗಳೆಲ್ಲ ಹೀಗೇ ಶುರುವಾಗುತ್ತವೆ. "ನಾಳೆ ಸ್ಟುಡಿಯೊ ಯಜಮಾನ್ರು ಬರ್ತಾರೆ. ಘಟಸರ್ಪ ಸಾಯೋ ದೃಶ್ಯನ ಎರಡು ಸಲ ತೆಗೀತೀನಿ. ಬೆಳಗ್ಗೆ ನೀವು ಉಸಿರಾಡಿಸಿ, ಮಧ್ಯಾಹ್ನ ಮೋಟರ್. ಅವ್ರು ಯಾವುದು ಅಂತಾರೋ ಅದೇ ಇನ್ಮುಂದೆ."

"ಮೋಟರ್ ಅಂದ್ರೆ?"

"ನಿಮಗೆ ವಿಶ್ರಾಂತಿ."

ಆ ಸಂಜೆ ಮನೆಯಲ್ಲಿ ಚಿಪ್ಪಕ್ಕ ಗುನುಗುತ್ತಾ ಪಾತ್ರೆ ತೊಳೆದಳು. ಹೊಟ್ಟೆಯಣ್ಣ ತಟ್ಟೆಯ ಅಂಚಿನ ಮೇಲೆ ಬೆರಳಿಂದ ತಿದಿಯ ತಾಳ ಹಾಕುತ್ತಾ ಕೂತ.

ಮರುದಿನ ಬೆಳಗ್ಗೆ ಅವನ ಜೊತೆ ಮೋಟರನ್ನೂ ಒಳಗೆ ಕೂರಿಸಿಯೇ ಅಂಟಿಸಿದರು. ಯಜಮಾನರಿಗೆ ನಾಲ್ಕು ಗಂಟೆಯ ರೈಲು. ನಡುವೆ ಚಿಪ್ಪು ಕೀಳಲು ಹೊತ್ತಿಲ್ಲ. ಮೊದಲೇ ಇಕ್ಕಟ್ಟಾದ ಹೊಟ್ಟೆ. ಈಗ ಅವನ ಎರಡು ಮಂಡಿಗಳ ನಡುವೆ ಹೊಸ ಸೊಸೆಯ ಹಾಗೆ ಮಿರಮಿರ ಮಿಂಚುತ್ತಾ ಮೋಟರ್ ಕೂತಿತ್ತು.

ಬೆಳಗಿನ ಸರದಿ ಅವನದು. ರಾಣಿಯ ವೇಷದ ನಟಿ ಬಂದು ಘಟಸರ್ಪದ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಅವನು ಮೂರು ಸಲ ಒತ್ತಿದ. ನಿಲ್ಲಿಸಿದ. ನಟಿ ಮಾತಿನ ಮಧ್ಯೆಯೇ ತಡವರಿಸಿದಳು. ರಬ್ಬರಿನಾಚೆ ಅವಳ ಅಂಗೈ ಉಸಿರು ಹುಡುಕುತ್ತಾ ಒತ್ತಿಕೊಂಡದ್ದು ಅವನಿಗೆ ತಿಳಿಯಿತು. ಆಮೇಲೆ ಒಂದು ಉಸಿರು ಬಿಟ್ಟ.

"ಕಟ್! ಹೊಟ್ಟೆಯಣ್ಣ, ಮಧ್ಯೆ ನಿಂತೇ ಹೋಯ್ತಲ್ಲ, ಮರೆತ್ರಾ?" ನಿರ್ದೇಶಕ ಯಜಮಾನರ ಕಡೆ ತಿರುಗಿದ. "ನೋಡಿ ಸಾರ್, ಮೋಟರ್‌ನಲ್ಲಿ ಈ ತಾಪತ್ರಯ ಇರಲ್ಲ." ಯಜಮಾನರು ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತರು.

ಮಧ್ಯಾಹ್ನ ಕೊಳವೆಯಲ್ಲಿ ಆಜ್ಞೆ ಬಂತು. "ತಿದಿ ಮುಟ್ಟಬೇಡಿ. ಸುಮ್ನೆ ಕೂತಿರಿ."

ಮೋಟರ್ ಶುರುವಾಯಿತು. ಅದರ ಗುಂಯ್ ಸದ್ದಿನಲ್ಲಿ ಹೊರಗಿನ ಲೋಕವೇ ಮುಳುಗಿಹೋಯಿತು. ಒಳಕ್ಕೆ, ಹೊರಕ್ಕೆ, ಒಳಕ್ಕೆ, ಹೊರಕ್ಕೆ, ಗಡಿಯಾರವೂ ನಾಚಬೇಕು. ಹೊಟ್ಟೆಯಣ್ಣ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನಿಗೆ ಅದು ಸೆರೆಮನೆ ಎನ್ನಿಸಿತು. ಇಷ್ಟು ದಿನ ಕೆಲಸವಿತ್ತು, ಗೋಡೆ ಕಂಡಿರಲಿಲ್ಲ. ಈಗ ನೋಡಿದರೆ ಎಡಕ್ಕೆ ಒಂದು ಗೇಣು, ಬಲಕ್ಕೆ ಒಂದು ಗೇಣು, ತಲೆಯ ಮೇಲೆ ಬೆವರುವ ರಬ್ಬರ್. ಮೋಟರಿನ ತಂತಿ ಕಿರುಬೆರಳ ಪಕ್ಕದಲ್ಲೇ ಇತ್ತು. ಒಂದು ಸಲ ಎಳೆದರೆ ಮುಗಿಯಿತು. ಎಳೆಯಲಿಲ್ಲ. "ನೀನೂ ನನ್ನ ಹಾಗೇ ಸಿಕ್ಕಿಹಾಕ್ಕೊಂಡ್ಯಲ್ಲೋ," ಎಂದು ಅದರ ತಲೆ ಸವರಿದ. ತಲೆ ಸುಡುತ್ತಿತ್ತು.

ಇದ್ದಕ್ಕಿದ್ದಂತೆ ಟಪ್ ಎಂದಿತು. ಪಕ್ಕೆಯ ಹತ್ತಿರ ಉಳಿಯ ಮೂತಿಯೊಂದು ಒಳಗೆ ನುಗ್ಗಿತು. ಟಪಟಪ ಚಿಪ್ಪುಗಳು ಹಾರಿದವು. ಅರ್ಧ ದಿನದ ಕೆಲಸ ಅರ್ಧ ನಿಮಿಷದಲ್ಲಿ ಮುಗಿದು, ಬಾಗಿಲು ಹರಿದು, ಬೆಳಕಿನ ಜೊತೆಗೆ ಚಿಪ್ಪಕ್ಕನ ಮುಖ ಒಳಗೆ ಬಂತು. ಕಣ್ಣು ಕೆಂಡ, ಕೆನ್ನೆಯೆಲ್ಲ ನೀರು.

"ಬದುಕಿದೀರೇನ್ರೀ?"

"ಇದೀನಿ ಕಣೇ. ಯಾಕೆ?"

"ಕೊಳವೆಯಲ್ಲಿ ಹತ್ತು ಸಲ ಕೂಗಿದೆ! ಓ ಅನ್ನಬಾರ್ದಾ?"

"ಈ ಮುಂಡೇದರ ಗಲಾಟೇಲಿ ಏನ್ ಕೇಳಿಸತ್ತೆ? ಸುಮ್ನೆ ಕೂತಿರು ಅಂದಿದ್ರು, ಕೂತಿದ್ದೆ."

"ಚಿಪ್ಪಕ್ಕಾ!" ನಿರ್ದೇಶಕ ತಲೆಯ ಮೇಲೆ ಕೈ ಹೊತ್ತು ಓಡಿಬಂದ. "ಶಾಟ್ ನಡೀತಿತ್ತು! ಉಸಿರು ಎಷ್ಟು ಚೆನ್ನಾಗಿ ಬರ್ತಿತ್ತು!"

"ಅದೇ ನನ್ನ ಪ್ರಾಣ ತೆಗೆದದ್ದು!" ಚಿಪ್ಪಕ್ಕ ಉಳಿ ಹಿಡಿದೇ ತಿರುಗಿದಳು, ನಿರ್ದೇಶಕ ಎರಡು ಹೆಜ್ಜೆ ಹಿಂದೆ ಸರಿದ. "ಇಷ್ಟು ವರ್ಷ ಆ ಹೊಟ್ಟೆ ನೋಡೇ ಅವ್ರಿಗೆ ಬಾಯಾರಿದ್ಯಾ, ಸೆಕೆ ಆಗಿದ್ಯಾ, ನನ್ನ ಮೇಲೆ ಸಿಟ್ಟಾ ಅಂತ ತಿಳ್ಕೊತಿದ್ದೆ. ಇದು ಒಳಗೆ ಗಂಡ ಇದ್ರೂ ಉಸಿರಾಡತ್ತೆ, ಹೆಣ ಇದ್ರೂ ಉಸಿರಾಡತ್ತೆ!"

ಯಜಮಾನರು ಕುರ್ಚಿಯಿಂದ ಎದ್ದರು.

"ಅಲ್ಲಮ್ಮ, ಬೆಳಗ್ಗೆ ಉಸಿರು ಮಧ್ಯೆ ನಿಂತೇಹೋಗಿತ್ತಲ್ಲ. ಆಗ ಹೆದರಲಿಲ್ವಾ?"

"ಆಗ ನಿಂತಿತ್ತಲ್ಲ ಸಾರ್, ಅದಕ್ಕೇ ಒಳಗೆ ಇದಾರೆ ಅಂತ ಗೊತ್ತಿತ್ತು. ಈಗ ನಿಲ್ಲಲೇ ಇಲ್ಲ."

ಯಜಮಾನರು ಬಂದು ಚಿಪ್ಪು ಕಿತ್ತ ಹೊಟ್ಟೆಯ ಮೇಲೆ ಕೈ ಇಟ್ಟರು. "ಬೆಳಗ್ಗೆ ನಾನು ಕುರ್ಚಿ ತುದೀಲಿದ್ದೆ," ಎಂದರು. "ಅಯ್ಯೋ, ಹೋಗ್ಬಿಡ್ತಾ ಅನ್ನಿಸ್ತು. ಮಧ್ಯಾಹ್ನ ರೈಲಿನ ಯೋಚನೆ ಬಂತು. ಮೋಟರ್ ತೆಗೀರಿ. ಬೇಕಾದ್ರೆ ಅದಕ್ಕೊಂದು ಫ್ಯಾನ್ ಜೋಡಿಸಿ, ಒಳಗಿರೋರಿಗೆ ಗಾಳಿ ಬೀಸಲಿ. ಈ ಸಿನಿಮಾ ಆದ್ಮೇಲೆ, ಸತ್ತ ಘಟಸರ್ಪ ಎದ್ದು ಬಂತು ಅಂತ ಇದರ ಎರಡನೇ ಭಾಗಾನೂ ತೆಗೆಯೋಣ."

ಹೊಟ್ಟೆಯಣ್ಣ ಗೆದ್ದಿದ್ದ. ಕುಣಿಯೋಣವೆಂದರೆ ಮಂಡಿ ಮಡಚಿಯೇ ಇತ್ತು. ನೆಟ್ಟಗಾಗಲು ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಹೆಂಡತಿಯ ಮುಖ ನೋಡಿದ. ಅವಳು ಉಳಿಯನ್ನು ಸೆರಗಿನಲ್ಲಿ ಒರೆಸಿ, ಕೆಳಗೆ ಬಿದ್ದ ಚಿಪ್ಪುಗಳನ್ನು ನಾಳೆಗೆಂದು ಆರಿಸುತ್ತಿದ್ದಳು. ಅವನು ಹೊರಬರಲಿ ಎಂದು ವರ್ಷಗಟ್ಟಲೆ ಹಲುಬಿದವಳು, ತನ್ನ ಬಾಯಿಂದಲೇ ಅವನನ್ನು ಇನ್ನೊಂದು ಸಿನಿಮಾದ ಮಟ್ಟಿಗೆ ಒಳಗೆ ಹಾಕಿದ್ದಳು.

ಫ್ಯಾನ್ ಬಂತು, ನಿಜ. ಶಾಟ್ ನಡೆಯುವಾಗ ಸದ್ದು ಮಾಡುತ್ತದೆಂದು ಆರಿಸುತ್ತಿದ್ದರು. ಶಾಟ್ ನಡೆಯದ ಹೊತ್ತೆಂಬುದು ಆ ಸ್ಟುಡಿಯೊದಲ್ಲಿ ಇರಲೇ ಇಲ್ಲ.

ಮರುದಿನ ಬೆಳಗ್ಗೆ ಎಂಟಕ್ಕೆ ಅವನು ಮತ್ತೆ ಒಳಗೆ ಮಡಚಿಕೊಂಡ. ಚಿಪ್ಪಕ್ಕ ಅಂಟಿಸಿದಳು. ಎಂಬತ್ತೊಂದನೆಯ ಚಿಪ್ಪು ಒಣಗುವವರೆಗೆ ಕಾದು ಅವನು ಕೊಳವೆಗೆ ಬಾಯಿಟ್ಟ. ಈ ಮಾತು ಹೇಳಲು ಭೂಮಿಯ ಮೇಲೆ ಇದಕ್ಕಿಂತ ಭದ್ರವಾದ ಜಾಗ ಇರಲಿಲ್ಲ.

"ಲೇ, ಕೇಳಿಸ್ತಿದ್ಯಾ? ಈ ಉಸಿರು ಎಲ್ಲಿ ಕಲಿತೆ ಅಂತ ಎಲ್ರೂ ಕೇಳ್ತಾರಲ್ಲ..."

"ಹೂಂ, ಎಲ್ಲಿ?"

"ನಿನ್ನ ಹತ್ರಾನೇ. ಅದು ನಿನ್ನ ಗೊರಕೆ."

ಹೊರಗೆ ಸದ್ದಿಲ್ಲ. ಮೂರು ಉಸಿರಿನಷ್ಟು ಹೊತ್ತು ಏನೂ ಇಲ್ಲ. ನಾಲ್ಕನೆಯದಕ್ಕೂ ಇಲ್ಲ. ಹೊಟ್ಟೆಯಣ್ಣನಿಗೆ ಹಳೆಯ ಗಾಬರಿಯಾಯಿತು. ಆಮೇಲೆ ಕೊಳವೆಯಲ್ಲಿ ಚಿಪ್ಪಕ್ಕನ ದನಿ, ಬಹಳ ಮೆತ್ತಗೆ ಬಂತು.

"ಸಂಜೆ ಬಾಗಿಲು ಬಿಚ್ಚೋಳು ನಾನೇ ಅನ್ನೋದು ನೆನಪಿರ್ಲಿ."