ಕೊನೆಗೆ ಬರುವ ಸಾಹೇಬರು

ನಮ್ಮ ಭಾವನನ್ನು ಯಾರಾದರೂ ‘ಯುದ್ಧಕ್ಕೆ ಹೋಗಿ ಬಂದ ಹುಲಿ’ ಎಂದು ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹುಲಿಯಂತೆ ಹುಲಿ! ಪಕ್ಕದ ಮನೆಯ ನಾಯಿ ಬೊಗಳಿದರೆ ಎದುರಿನ ಬೀದಿ ಸುತ್ತಿಕೊಂಡು ಕೆಲಸಕ್ಕೆ ಹೋಗುವ ಮನುಷ್ಯ ಅವರು. ಜನ ಅವರ ಕಥೆಗೆ ಉಪ್ಪುಖಾರ ಹಚ್ಚಿ ಹೇಳುತ್ತಾರೆ. ಅಲ್ಲಿದ್ದವನು ನಾನು. ನಡೆದದ್ದು ನನಗೆ ಗೊತ್ತು.

ಯುದ್ಧಕ್ಕೆ ಮೊದಲು ಅವರು ಬಸ್ ಕಂಡಕ್ಟರ್. ಬಿ.ಎ. ಪಾಸಾಗಿದ್ದರೂ ಬೇರೆ ಕೆಲಸ ಸಿಗದೆ ಟಿಕೆಟ್ ಹರಿಯುತ್ತಿದ್ದರು. ಯುದ್ಧ ಶುರುವಾಗಿ, ಮುಂಚೂಣಿಯಲ್ಲಿ ಕಿರಿಯ ಅಧಿಕಾರಿಗಳು ಒಬ್ಬರ ಹಿಂದೊಬ್ಬರು ಸಾಯತೊಡಗಿದಾಗ, ಅಲ್ಲಿಯವರೆಗೆ ಇವರ ಡಿಗ್ರಿಯನ್ನು ಮೂಸಿಯೂ ನೋಡದ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಅದರ ಬೆಲೆ ತಿಳಿಯಿತು. ಕೆಲವೇ ತಿಂಗಳ ತರಬೇತಿ ಕೊಟ್ಟು, ಭುಜಕ್ಕೊಂದು ನಕ್ಷತ್ರ ಹಚ್ಚಿ, ಸೆಕೆಂಡ್ ಲೆಫ್ಟಿನೆಂಟ್ ಎಂದು ನಮ್ಮ ತುಕಡಿಗೆ ಕಳಿಸಿತು. ಖಾಕಿಯೂ ಸೀಟಿಯೂ ಮೊದಲೇ ಅಭ್ಯಾಸವಿತ್ತು ಎನ್ನುವುದೊಂದೇ ಸಮಾಧಾನ.

ನಾನು ಆ ತುಕಡಿಯಲ್ಲಿ ಫೋನಿನ ತಂತಿ ಎಳೆಯುವವನು. ಶೆಲ್ ಬಿದ್ದು ತಂತಿ ಕಡಿದರೆ ಕಡಿದ ಜಾಗ ಹುಡುಕಿ ಗಂಟು ಹಾಕಬೇಕು. ಹಾಕಿ ಬರುವಷ್ಟರಲ್ಲಿ ಇನ್ನೊಂದು ಕಡೆ ಕಡಿದಿರುತ್ತಿತ್ತು.

ನಮಗೆ ಸಿಕ್ಕ ಮೊದಲ ಕೆಲಸ ನದಿಯಾಚೆಯ ಇಟ್ಟಿಗೆ ಭಟ್ಟಿಯೊಂದನ್ನು ಹಿಡಿಯುವುದು. ಇಂಥ ವೇಳೆ ಅಧಿಕಾರಿಯಾದವನು ‘ನನ್ನ ಹಿಂದೆ ಬನ್ನಿ’ ಎಂದು ತಾನು ಮುಂದೆ ಓಡಬೇಕು. ನಮ್ಮ ಸಾಹೇಬರು ಒಬ್ಬೊಬ್ಬರ ಬೆನ್ನಿಗೂ ಕೈ ಕೊಟ್ಟು ಕಂದಕದಿಂದ ಮೇಲೆ ಹತ್ತಿಸಿ, ಎಲ್ಲರೂ ಹೊರಟ ಮೇಲೆ ತಾವು ಹತ್ತಿದರು. ತಲೆಯ ಮೇಲೆ ಗುಂಡು ಹಾರುತ್ತಿದ್ದರೆ ಹಿಂದಿನಿಂದ ಅವರ ದನಿ ಕೇಳುತ್ತಿತ್ತು: “ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ, ನಿಂತ್ಕೋಬೇಡಿ. ಮುಂದೆ ಎಲ್ಲಾ ಖಾಲಿ ಇದೆ.”

ಕೆಸರಿನಲ್ಲಿ ಮುಖ ಹುದುಗಿಸಿ ಮಲಗಿದ್ದ ಹವಾಲ್ದಾರರು ತಲೆ ತಿರುಗಿಸಿದರು. “ಯಾಕೆ ಖಾಲಿ ಇದೆ ಅಂತ ನಮಗೂ ಗೊತ್ತು ಸಾರ್” ಎಂದರು.

ಅಂತೂ ಇಂತೂ ಭಟ್ಟಿ ನಮ್ಮ ಕೈಗೆ ಬಂತು. ಸಾಹೇಬರ ಮರ್ಯಾದೆ ಮಾತ್ರ ಮಣ್ಣುಪಾಲಾಯಿತು. ಹವಾಲ್ದಾರರು ಅವರಿಗೆ ‘ಹಿಂಬಾಗಿಲು’ ಎಂದು ಹೆಸರಿಟ್ಟರು. ಸೈನ್ಯದಲ್ಲೇ ಮೀಸೆ ನರೆಸಿಕೊಂಡವರು ಅವರು, ಅವರಿಟ್ಟ ಹೆಸರಿಗೆ ಮೇಲ್ಮನವಿ ಇಲ್ಲ. ಎಲ್ಲರೂ ಹತ್ತಿದ ಮೇಲೆ ಹತ್ತುವುದು ಕಂಡಕ್ಟರನ ಅಭ್ಯಾಸ, ಅದು ಬಿಡುತ್ತಿಲ್ಲ ಎಂದು ಸಾಹೇಬರು ಸಮಜಾಯಿಷಿ ಹೇಳಿಕೊಂಡು ಓಡಾಡಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹವಾಲ್ದಾರರು ಅವರಿಗೆ ಕೇಳುವ ಹಾಗೆಯೇ ಗೊಣಗಿದರು.

ಇನ್ನೊಂದು ಅಭ್ಯಾಸವೂ ಅವರನ್ನು ಬಿಟ್ಟಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಕಂದಕದ ಆ ತುದಿಯಿಂದ ಈ ತುದಿಗೆ ಬಂದು ಒಬ್ಬೊಬ್ಬರ ಶಿರಸ್ತ್ರಾಣವನ್ನೂ ಬೆರಳಿನಿಂದ ಟಕ್ಕೆಂದು ಬಡಿದು ತಲೆ ಎಣಿಸುತ್ತಿದ್ದರು. ಒಂದು ತಲೆ ಕಮ್ಮಿ ಬಿದ್ದರೆ ಮುಗಿಯಿತು, ತಾವೂ ಊಟ ಮಾಡರು, ನಮಗೂ ಮಾಡಲು ಬಿಡರು. ಒಮ್ಮೆ ಅಡುಗೆಯವನು ಚೆಂಬು ಹಿಡಿದು ಪೊದೆಯ ಹಿಂದೆ ಹೋಗಿದ್ದ. ಅವನು ಕೂತಲ್ಲಿಂದಲೇ ‘ಇದ್ದೀನಿ ಸಾರ್’ ಎಂದು ಕೂಗುವವರೆಗೂ ಇವರಿಗೆ ಸಮಾಧಾನವಾಗಲಿಲ್ಲ. ಆ ಕೂಗು ಶತ್ರುವಿಗೂ ಕೇಳಿತೆಂದು ಕಾಣುತ್ತದೆ, ಆ ಪೊದೆಗೆ ಎರಡು ಗುಂಡು ಬಿದ್ದವು. ಅಡುಗೆಯವನು ಆಮೇಲೆ ವಾರವಿಡೀ ಸಾಹೇಬರ ಸಾರಿಗೆ ಉಪ್ಪು ಹಾಕಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಶತ್ರುವಿನ ಫಿರಂಗಿಗಳು ನಮ್ಮನ್ನು ಹಿಡಿದು ಅರೆಯತೊಡಗಿದವು. ಭಟ್ಟಿಯ ಮುಂದಿನ ಹೊಲದಾಚೆ ನಮ್ಮದೊಂದು ಕಾವಲು ಗುಂಡಿ ಇತ್ತು. ಅಲ್ಲಿಗೆ ಎಳೆದಿದ್ದ ತಂತಿ ಕಡಿದು ಫೋನ್ ಸತ್ತಿತು. ನಾನು ತಂತಿಯನ್ನು ಕೈಯಲ್ಲಿ ಸವರುತ್ತಾ ಹೊಲದ ನೀರುಗಾಲುವೆಯೊಳಗೆ ತೆವಳಿಕೊಂಡು ಹೋದೆ. ಕಡಿದ ಜಾಗ ಸಿಗುವ ಹೊತ್ತಿಗೆ ಹತ್ತಿರದಲ್ಲೇ ಶೆಲ್ ಸಿಡಿದು ಕಬ್ಬಿಣದ ಚೂರೊಂದು ನನ್ನ ಮೀನಖಂಡಕ್ಕೆ ಹೊಕ್ಕಿತು. ಬಟ್ಟೆ ಬಿಗಿದುಕೊಂಡು, ಹಲ್ಲು ಕಚ್ಚಿ ತಂತಿಗೆ ಗಂಟು ಹಾಕಿದೆ.

ಅಷ್ಟರಲ್ಲಿ ಭಟ್ಟಿಗೆ ಆಳು ಬಂದು ಎಲ್ಲರೂ ಹಿಂದಕ್ಕೆ ಹೊರಡಬೇಕು, ನದಿಯ ಸೇತುವೆಯನ್ನು ಹಾರಿಸುತ್ತಾರೆ ಎಂದು ಹೇಳಿದ್ದ. ಕಾವಲು ಗುಂಡಿಯವರು ಅದಕ್ಕೂ ಮೊದಲೇ ಬೇರೆ ದಾರಿಯಲ್ಲಿ ಓಡಿ ಬಂದಿದ್ದರು. ಎಲ್ಲರೂ ಗಂಟುಮೂಟೆ ಕಟ್ಟಿ ಸೇತುವೆ ಕಡೆಗೆ ಓಡಿದರು. ನನಗೆ ತಿಳಿಸುವವರು ಯಾರು? ಸತ್ತ ಫೋನನ್ನು ಬದುಕಿಸಲು ಹೋದವನೇ ನಾನು.

ಇದ್ಯಾವುದೂ ಗೊತ್ತಿಲ್ಲದೆ, ತಂತಿ ಸರಿಯಾಯಿತೇ ಎಂದು ನೋಡಲು ಜೊತೆಯಲ್ಲಿದ್ದ ಫೋನಿನ ಹಿಡಿ ತಿರುಗಿಸಿದೆ. ಬಹಳ ಹೊತ್ತು ಯಾರೂ ಎತ್ತಲಿಲ್ಲ. ಕೊನೆಗೆ ಏದುಸಿರು ಬಿಡುತ್ತಿದ್ದ ಸಾಹೇಬರ ದನಿ ಕೇಳಿತು. ಸೇತುವೆಯ ಬುಡದಲ್ಲಿ ತಲೆ ಎಣಿಸಿ, ಒಂದು ಕಮ್ಮಿ ಬಿದ್ದಿತೆಂದು ಅವರು ಭಟ್ಟಿಗೆ ವಾಪಸ್ ಓಡಿ ಬಂದಿದ್ದರಂತೆ.

“ತಂತಿ ಸರಿಹೋಯ್ತು ಸಾರ್” ಎಂದೆ, ಹೆಮ್ಮೆಯಿಂದ.

“ನಿನ್ನ ತಂತಿಗಿಷ್ಟು ಬೆಂಕಿ ಹಾಕ. ಎಲ್ಲಾ ಹೊರಟಾಯ್ತು, ಸೇತುವೆ ಹಾರಿಸ್ತಾರೆ. ಓಡಿ ಬಾ.”

“ಕಾಲಿಗೆ ಪೆಟ್ಟು ಬಿದ್ದಿದೆ ಸಾರ್. ಓಡೋಕಾಗಲ್ಲ.”

ಹಾಗೆಂದ ಕೂಡಲೇ ನನ್ನ ಜೀವ ಬಾಯಿಗೆ ಬಂತು. ಸಾಯುವುದಕ್ಕಿಂತ ಆ ಕಾಲುವೆಯಲ್ಲಿ ಒಬ್ಬನೇ ಸಾಯಬೇಕಲ್ಲ ಎಂದು ಅಳು ಒತ್ತರಿಸಿ ಬಂತು. ಆಮೇಲೆ ಅವರು, “ಅಲ್ಲೇ ಇರು, ಎಲ್ಲೂ ಹೋಗ್ಬೇಡ” ಎಂದರು. ಎಲ್ಲಿಗೆ ಹೋಗಲಿ, ಮಹಾರಾಯ?

ತಂತಿ ಹಿಡಿದುಕೊಂಡೇ ತೆವಳಿ ಬಂದರು. ಬಂದವರೇ ನನ್ನನ್ನು ಬೈದರು, ನನ್ನ ಕಾಲನ್ನು ಬೈದರು, ಫೋನ್ ಕಂಡುಹಿಡಿದವನನ್ನು ಬೈದರು, ತಮ್ಮ ಬಿ.ಎ.ಯನ್ನೂ ಬಿಡಲಿಲ್ಲ. ನನ್ನನ್ನು ಮುಂದೆ ಮಾಡಿಕೊಂಡು ಹಿಂದಿನಿಂದ ದಬ್ಬುತ್ತಾ ಹೊರಟರು. ಕಾಲುವೆಯ ಅಂಚಿಗೆ ಗುಂಡು ಬಿದ್ದು ಮಣ್ಣು ಹಾರುತ್ತಿತ್ತು. ಪ್ರತಿ ಗುಂಡಿಗೂ ಅವರು ಕಾಲುವೆಯ ತಳಕ್ಕೆ ಮುಖ ಒತ್ತುತ್ತಿದ್ದರು, ಆದರೂ ನನ್ನನ್ನು ದಬ್ಬುವುದನ್ನು ನಿಲ್ಲಿಸಲಿಲ್ಲ.

ಇತ್ತ ಸೇತುವೆಯಲ್ಲಿ ದೊಡ್ಡ ರಾದ್ಧಾಂತ. ಸೇತುವೆ ಹಾರಿಸುವ ಕ್ಯಾಪ್ಟನ್ ಗುಂಡಿ ಒತ್ತಲು ತಯಾರಾಗಿ ಕೂತಿದ್ದರೆ, ನಮ್ಮ ಹವಾಲ್ದಾರರು ಸೇತುವೆಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಸಿಗರೇಟು ಹಚ್ಚಿದ್ದರಂತೆ. ಏಳದಿದ್ದರೆ ನಿನ್ನನ್ನೂ ಸೇರಿಸಿ ಹಾರಿಸುತ್ತೇನೆ ಎಂದು ಕ್ಯಾಪ್ಟನ್ ಅರಚಾಡಿದರಂತೆ.

“ಸ್ವಲ್ಪ ತಾಳಿ ಸಾರ್” ಎಂದರಂತೆ ಹವಾಲ್ದಾರರು. “ನಮ್ಮ ಸಾಹೇಬರು ಯಾವಾಗಲೂ ಕೊನೆಗೇ ಬರೋದು.”

ನಾವು ತಲುಪಿದಾಗ ಆ ಸಿಗರೇಟು ಇನ್ನೂ ಮುಗಿದಿರಲಿಲ್ಲ. ಸಾಹೇಬರು ನನ್ನನ್ನು ಹವಾಲ್ದಾರರ ಹೆಗಲಿಗೆ ಹಾಕಿ, ನಮ್ಮಿಬ್ಬರನ್ನೂ ಮುಂದೆ ಬಿಟ್ಟು, ಹಿಂದೆ ಇನ್ಯಾರಾದರೂ ಓಡಿ ಬರುತ್ತಿದ್ದಾರೋ ಎಂದು ಒಮ್ಮೆ ತಿರುಗಿ ನೋಡಿ, ಆಮೇಲೆ ದಾಟಿದರು. ನಮ್ಮ ಬೆನ್ನ ಹಿಂದೆ ಸೇತುವೆ ಹಾರಿತು.

ಈಚೆ ದಡದ ಮರಳು ಮೂಟೆಗಳ ಮರೆಯಲ್ಲಿ ಸಾಹೇಬರು ಶಿರಸ್ತ್ರಾಣ ಕಳಚಿ ಮೂಟೆಗಳಿಗೆ ಒರಗಿ ಕೂತರು. ನಾನು ಕೈಮುಗಿಯಲು ಹೋದರೆ ಸಿಟ್ಟಿಗೆದ್ದರು.

“ಭಟ್ಟಿ ಹಿಡಿಯೋ ದಿನ ಹಿಂದೆ ಉಳಿದದ್ದು ಅಭ್ಯಾಸದಿಂದ ಅಲ್ಲ ಕಣೋ. ಸುಳ್ಳು ಹೇಳಿದೆ. ಕಾಲೇ ಏಳಲಿಲ್ಲ, ಅಷ್ಟು ಹೆದರಿದ್ದೆ.”

“ಇವತ್ತು ಸಾರ್?”

“ಇವತ್ತು ಅದಕ್ಕಿಂತ ಜಾಸ್ತಿ.”

ಹವಾಲ್ದಾರರು ಉಳಿದ ತುಂಡು ಸಿಗರೇಟನ್ನು ಅವರ ತುಟಿಗಿಟ್ಟು ಎದ್ದು ಹೋದರು. ಅವತ್ತಿನಿಂದ ‘ಹಿಂಬಾಗಿಲು’ ಎನ್ನುವ ಹಕ್ಕು ತಮ್ಮೊಬ್ಬರದೇ ಎಂದು ಅವರು ತೀರ್ಮಾನಿಸಿಬಿಟ್ಟರು. ಬೇರೆ ಯಾರಾದರೂ ಅಂದರೆ ಕಪಾಳಕ್ಕೆ ಬೀಳುತ್ತಿತ್ತು.

ಯುದ್ಧ ಮುಗಿದ ಮೇಲೆ ಸಾಹೇಬರು ಮತ್ತೆ ಬಸ್ಸು ಹತ್ತಿದರು. ನನ್ನ ಕಾಲು ನೋಡಲು ಮನೆಗೆ ಬಂದರು, ಬಂದಾಗ ಅಕ್ಕನನ್ನು ನೋಡಿದರು. ಆಮೇಲೆ ವಾಸಿಯಾದ ಕಾಲನ್ನು ನೋಡಲು ಪದೇಪದೇ ಬರತೊಡಗಿದರು. ಒಂದು ದಿನ ಅಪ್ಪನ ಹತ್ತಿರ ಮದುವೆಯ ಮಾತೆತ್ತಿದರು. ಅಷ್ಟಕ್ಕೆ ಸುಮ್ಮನಿರಬಾರದೇ? ಮುಚ್ಚಿಟ್ಟು ಹೆಣ್ಣು ಕೇಳುವುದು ಸರಿಯಲ್ಲವೆಂದು, ಯುದ್ಧದಲ್ಲಿ ಹೆದರಿ ಹಿಂದೆ ಉಳಿದದ್ದನ್ನೂ ತಾವೇ ಬಾಯಿಬಿಟ್ಟು ಹೇಳಿ ಎದ್ದು ಹೋದರು. ಇಂಥ ಪೆದ್ದರನ್ನು ನಾನು ಕಂಡಿಲ್ಲ.

ಅಪ್ಪ ಬಡಗಿ. ಕೀಸುತ್ತಿದ್ದ ಹಲಗೆಯನ್ನು ಬಿಟ್ಟು ನನ್ನನ್ನು ಕರೆದರು. ಬಾಗಿಲ ಹಿಂದೆ ಅಕ್ಕ ಉಸಿರು ಬಿಗಿಹಿಡಿದು ನಿಂತಿದ್ದು ನನಗೆ ಕಾಣುತ್ತಿತ್ತು.

“ಪುಕ್ಕಲನಿಗೆ ಮಗಳನ್ನ ಹೇಗಪ್ಪ ಕೊಡೋದು? ನೀನು ಜೊತೇಲಿದ್ದವನು. ನಿಜ ಹೇಳು.”

“ಪುಕ್ಕಲರೇ ಅಪ್ಪ” ಎಂದೆ. “ಆದ್ರೆ ಬಿಟ್ಟು ಹೋಗಲ್ಲ.”

ಅಪ್ಪ ನನ್ನ ಕಾಲನ್ನೇ ನೋಡುತ್ತಾ ಕೂತರು. ಅಕ್ಕನಿಗೆ ತಡೆಯಲಾಗಲಿಲ್ಲವೋ ಏನೋ, ಬಾಗಿಲು ತಳ್ಳಿಕೊಂಡು ಬಂದಳು.

“ಹೂಂ ಅನ್ನಿ ಅಪ್ಪ” ಎಂದಳು. “ಧೈರ್ಯದ ವಿಷಯ ನಾನು ನೋಡ್ಕೋತೀನಿ.”