ಹೊಗೆಯಾಡದ ಸಿಪ್ಪೆ ಗುಡ್ಡೆ

ಕಡರನಾಯಕನಹಳ್ಳಿಯ ದ್ಯಾಮವ್ವ ಅಡಿಕೆ ಸುಲಿಯುವುದರಲ್ಲಿ ಕೈ ಪಳಗಿದವಳು. ಸುಲಿದ ಸಿಪ್ಪೆಯನ್ನು ಟ್ರ್ಯಾಕ್ಟರಿನವರು ಹರಿಹರದ ರಸ್ತೆ ಪಕ್ಕ ಸುರಿದು ಬೆಂಕಿ ಹಚ್ಚುತ್ತಿದ್ದರು. ಆ ಸಿಪ್ಪೆಯ ಬಗ್ಗೆ ಅವಳು ಒಂದು ದಿನವೂ ಯೋಚಿಸಿದವಳಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಹಗ್ಗ ಬಿಚ್ಚಿಕೊಂಡ ಮೇಕೆಯ ಹಿಂದೆ ಓಡಿದಳು. ಮೇಕೆ ಸಿಪ್ಪೆ ಗುಡ್ಡೆಯನ್ನು ಬಳಸಿಕೊಂಡು ಹೋಯಿತು. ದ್ಯಾಮವ್ವ ನೇರ ಗುಡ್ಡೆಯನ್ನೇ ಹತ್ತಿದಳು. ಬೆಂಕಿ ಹಚ್ಚಿ ಎಷ್ಟೋ ದಿನವಾಗಿತ್ತು. ಮೇಲಿನ ಬೂದಿ ಇಬ್ಬನಿಗೆ ತೇವವಾಗಿತ್ತು, ಹೊಗೆಯ ಎಳೆಯೂ ಇರಲಿಲ್ಲ. ಎರಡು ಹೆಜ್ಜೆ ಇಟ್ಟಿರಬೇಕು, ಬಲಗಾಲು ಮೊಣಕಾಲುದ್ದ ಕುಸಿಯಿತು. ಒಳಗೆಲ್ಲ ಕೆಂಡ! ಮೊದಲು ಉರಿಯೇ ತಿಳಿಯಲಿಲ್ಲ. ಕೆಳಗಿನಿಂದ ಯಾರೋ ಕಾಲು ಹಿಡಿದು ಎಳೆದಂತಾಯಿತು. ಆಮೇಲೆ ಅವಳು ಕೂಗಿದ ಕೂಗಿಗೆ ಹಾದಿಯ ಬೈಕಿನವರೆಲ್ಲ ನಿಂತರು.

ದಾವಣಗೆರೆಯ ಆಸ್ಪತ್ರೆಯಲ್ಲಿ ಗಂಡ ಹುಲಿಯಪ್ಪ ಕೇಳಿದ್ದನ್ನೇ ಕೇಳಿದ. "ಅಲ್ಲಾ, ಬೆಂಕಿ ಕಾಣ್ಲಿಲ್ಲೇನು ನಿಂಗೆ?"

"ಕಂಡಿದ್ರೆ ಕಾಲಿಡ್ತಿದ್ನಾ? ತಣ್ಣಗಿತ್ರಿ ಅದು."

ಗಾಯ ಮಾಯಿತು, ದಿಗಿಲು ಮಾಯಲಿಲ್ಲ. ಸಿಪ್ಪೆಯ ಸರಸರ ಸದ್ದು ಕೇಳಿದರೆ ಮೈ ಬೆವರುತ್ತಿತ್ತು. ಸುಲಿಯುವ ಕೆಲಸ ಬಿಟ್ಟಳು.

ಅಷ್ಟರಲ್ಲಿ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟಿದ್ದ ಹಾಲೇಶಪ್ಪನವರು ಕೆಲಸಕ್ಕೆ ಹೆಂಗಸರು ಬೇಕೆಂದು ಹೇಳಿಕಳಿಸಿದರು. ಹುಲಿಯಪ್ಪ ಹೆಂಡತಿಯನ್ನು ಬೈಕಿನಲ್ಲಿ ಕರೆದೊಯ್ದ. ಅಂಗಳದ ತುಂಬ ಅಡಿಕೆ ಸಿಪ್ಪೆ! ದ್ಯಾಮವ್ವ ಬೈಕಿನಿಂದ ಇಳಿಯಲೇ ಇಲ್ಲ.

"ಬ್ಯಾಡ, ಬೈಕ್ ತಿರುಗಿಸ್ರಿ."

ಹಾಲೇಶಪ್ಪ ಹೊರಗೆ ಬಂದರು. "ಇದು ಒಣಗಾಕಿದ್ದು ಕಣಮ್ಮಾ, ಬೆಂಕಿ ಮುಟ್ಟಿಲ್ಲ. ಒಳಗೆ ಬಂದು ನೋಡ್ರಿ."

ಒಳಗೆ ಆಳೆತ್ತರದ ಕಬ್ಬಿಣದ ಡ್ರಮ್ಮು. "ಸಿಪ್ಪೆ ಇದ್ರಾಗೈತೆ. ಗಾಳಿ ಕಡಿಮೆ ಕೊಟ್ರೆ ಧಗಧಗ ಉರಿಯಲ್ಲ, ಒಳಗೊಳಗೇ ಕಾದು ಗ್ಯಾಸ್ ಬಿಡ್ತೈತೆ. ಪೈಪಿನಾಗೆ ಬಂದು ಅಲ್ಲಿ ಉರೀತೈತೆ ನೋಡ್ರಿ."

ಬಾಣಲೆಯ ಕೆಳಗೆ ಉರಿ ಭುಸುಗುಡುತ್ತಿತ್ತು. ಕಾದ ಮರಳಿನಲ್ಲಿ ಮಂಡಕ್ಕಿ ಚಟಪಟ ಅರಳುತ್ತಿತ್ತು. ದ್ಯಾಮವ್ವ ಅದನ್ನು ನೋಡಲಿಲ್ಲ. ಡ್ರಮ್ಮನ್ನೇ ನೋಡುತ್ತ ನಿಂತಳು. ಒಳಗೊಳಗೇ ಕಾಯುವುದು!

"ಹಂಗಾದ್ರೆ ನನ್ನ ಕಾಲು ಸುಟ್ಟಿದ್ದೂ ಇದೇನಾ?"

ಹಾಲೇಶಪ್ಪ ಅವಳ ಕಾಲಿನ ಸುಕ್ಕುಗಟ್ಟಿದ ಚರ್ಮ ನೋಡಿದರು. ಹೌದೆಂಬಂತೆ ತಲೆಯಾಡಿಸಿದರು.

ಆಗಲೇ ಕೆಲಸದ ಪರಶುರಾಮ ಡ್ರಮ್ಮಿನ ಬುಡದಿಂದ ತೆಗೆದ ಕರಿ ಇದ್ದಿಲನ್ನು ಬಾಂಡ್ಲಿಯಲ್ಲಿ ಹೊತ್ತು ಅಂಗಳಕ್ಕೆ ಹೊರಟಿದ್ದ. ಒಣ ಸಿಪ್ಪೆಯ ಪಕ್ಕದಲ್ಲೇ ಸುರಿಯಲು ಬಗ್ಗಿದ.

"ಏ, ಸುರೀಬ್ಯಾಡಪ್ಪಾ!"

ಕುಂಟುತ್ತ ಓಡಿದ ದ್ಯಾಮವ್ವ ಅಲ್ಲಿದ್ದ ಬಕೆಟ್ ನೀರನ್ನು ಬಾಂಡ್ಲಿಗೆ ಸುರಿದಳು. ಚುಂಯ್ ಎಂದು ಆವಿ ಮುಖದೆತ್ತರ ಎದ್ದಿತು. ಪರಶುರಾಮ ಬಾಂಡ್ಲಿ ಬಿಟ್ಟು ಹಿಂದಕ್ಕೆ ಹಾರಿದ. ಚೆಲ್ಲಿದ ಇದ್ದಿಲಿನ ನಡುವೆ ಕೆಂಪಗೆ ಕೆಂಡ ಮಿನುಗಿತು.

"ಆರಿತ್ತಲ್ಲಕ್ಕಾ ಇದು!" ಅಂದ ಪರಶುರಾಮ.

ದ್ಯಾಮವ್ವ ಇನ್ನೊಂದು ಬಕೆಟ್ ತಂದು ಸುರಿದಳು.

ಮುಂದಿನ ಸೋಮವಾರ ಅವಳು ಕೆಲಸಕ್ಕೆ ಸೇರಿದಳು. ಸಿಪ್ಪೆ ಒಣಗಿಸುವುದು, ಇದ್ದಿಲು ನಂದಿಸುವುದು ಈಗ ಅವಳ ಪಾಲಿಗೆ. ಊರಿನ ಟ್ರ್ಯಾಕ್ಟರಿನವರಲ್ಲಿ ಒಂದಿಬ್ಬರು ಸಿಪ್ಪೆಯನ್ನು ಅಲ್ಲಿಗೇ ತರುತ್ತಾರೆ. ಉಳಿದವರು ಇನ್ನೂ ರಸ್ತೆ ಪಕ್ಕವೇ ಸುಡುತ್ತಾರೆ. ದಿನವೂ ಮಾಡುವ ಕೆಲಸವಾದರೂ, ಇದ್ದಿಲ ಮೇಲೆ ನೀರು ಬಿದ್ದಾಗ ದ್ಯಾಮವ್ವನ ಎದೆ ಒಮ್ಮೆ ಧಸಕ್ಕೆನ್ನುವುದು ನಿಂತಿಲ್ಲ.